ತಾನಾಗಿ ಗೇರು ಬದಲಿಸುವ ಪಿಕಪ್ ಗಾಡಿಯನ್ನು ಒಕ್ಕಲಿಗನು ಎಷ್ಟರ ಮಟ್ಟಿಗೆ ನಂಬಬಹುದು?

ಬೆಳೆಯನ್ನು ಬೆಳೆಯುವದು ಒಕ್ಕಲುತನದಲ್ಲಿ ಅರ್ಧ ಕೆಲಸವಾದರೆ, ಬೆಳೆದುದನ್ನು ಕೆಡದಂತೆ ಪೇಟೆಗೆ ಮುಟ್ಟಿಸುವದು ಉಳಿದರ್ಧ ಕೆಲಸವಾಗಿರುತ್ತದೆ. ಹಿಂದಕ್ಕೆ ಈ ಎರಡನೆಯ ಅರ್ಧವನ್ನು ಚಕ್ಕಡಿಯೂ ಒಂದು ಜೋಡು ಎತ್ತುಗಳೂ ಹೊತ್ತಿದ್ದವು. ಈಗ ಬೀಳಗಿ, ಮುಧೋಳ, ಜಮಖಂಡಿ ಮತ್ತು ರಬಕವಿ-ಬನಹಟ್ಟಿ ತಾಲೂಕುಗಳಲ್ಲಿ ಕಬ್ಬನ್ನು ಟ್ರ್ಯಾಕ್ಟರುಗಳು ಎಳೆಯುತ್ತವೆ. ಗೊಬ್ಬರದ ಚೀಲ, ಬೀಜ, ಉಳ್ಳಾಗಡ್ಡಿ, ಕಾಯಿಪಲ್ಲೆ, ಹಾಲಿನ ಕ್ಯಾನು, ಬೆಲ್ಲದ ಪೆಂಟೆ, ನೇಕಾರರ ಸೀರೆಯ ಗಂಟು ಮುಂತಾದವುಗಳನ್ನು ಪಿಕಪ್ ಗಾಡಿಗಳು ಹೊರುತ್ತವೆ. ಸಕ್ಕರೆಯ ಕಾರ್ಖಾನೆಯಿರುವ ಬಾಡಗಂಡಿಯಂಥ ಊರಿನಲ್ಲಂತೂ ನುರಿಸುವ ಹಂಗಾಮು ಬಂತೆಂದರೆ ಕಡಿಯುವ ಆಳುಗಳನ್ನೂ ಅವರ ಬುತ್ತಿಯನ್ನೂ ಟ್ರ್ಯಾಕ್ಟರಿನ ಡೀಝೆಲನ್ನೂ ಹೊಲಕ್ಕೆ ಮುಟ್ಟಿಸುವ ಗಾಡಿಯು ಒಂದು ದಿನ ನಿಂತರೆ ಇಡೀ ಗ್ಯಾಂಗಿನ ಕೆಲಸವೇ ನಿಲ್ಲುತ್ತದೆ. ಕಡಿದು ಬಿದ್ದ ಕಬ್ಬೋ ದಿನ ಕಳೆದಂತೆ ತೂಕವನ್ನೂ ಸಕ್ಕರೆಯ ಅಂಶವನ್ನೂ ಕಳೆದುಕೊಳ್ಳುತ್ತ ಹೋಗುತ್ತದೆ.

ಇಂಥ ಗಾಡಿಯನ್ನು ಕೊಳ್ಳುವಾಗ ಇತ್ತಿತ್ತಲಾಗಿ ಒಂದು ಹೊಸ ಚಿಂತೆಯು ದೊಡ್ಡ ಹಿಡುವಳಿದಾರರ ಮನೆಗಳಲ್ಲಿ ತಲೆಯೆತ್ತಿದೆ. ಈ ಸೀಮೆಯ ಪಿಕಪ್ ಗಾಡಿಗಳಲ್ಲಿ ಬಹುತೇಕ ಎಲ್ಲವೂ ಎಡಗಾಲಿನಿಂದ ಕ್ಲಚ್ಚನ್ನು ಒತ್ತಿ ಎಡಗೈಯಿಂದ ಗೇರನ್ನು ಬದಲಿಸತಕ್ಕವು. ಆದರೆ ಕ್ಲಚ್ಚಿನ ಪೆಡಲೇ ಇಲ್ಲದ, ವೇಗಕ್ಕೂ ಹೊರೆಗೂ ತಕ್ಕಂತೆ ತಾನಾಗಿಯೇ ಗೇರು ಬದಲಿಸಿಕೊಳ್ಳುವ ಗಾಡಿಗಳೂ ಈಗ ಮಾರಾಟಕ್ಕೆ ಬಂದಿವೆ. ಪಟ್ಟಣದಲ್ಲಿದ್ದು ಬಂದ ಮಗನು ಅದನ್ನೇ ಕೊಳ್ಳೋಣವೆನ್ನುತ್ತಾನೆ. ತಂದೆಗೆ ಮೊಣಕಾಲು ನೋವಿದ್ದು ಅವರಿಗೂ ಅದು ಹಿತವೇ, ಆದರೂ, “ನಟ್ಟ ನಡುವೆ ಹೊಲದಲ್ಲಿ ಕೆಟ್ಟು ನಿಂತರೆ ಯಾರು ಬಿಚ್ಚಬೇಕು? ಬ್ಯಾಂಕಿನ ಕಂತು ಯಾರು ಕಟ್ಟಬೇಕು?” ಎಂದು ಅವರು ಕೇಳುತ್ತಾರೆ. ಇಬ್ಬರ ಮಾತಿನಲ್ಲಿಯೂ ಸತ್ಯಾಂಶವುಂಟು. ಅದು ಎಷ್ಟೆಂಬದನ್ನು ಅಳೆದು ನೋಡುವದೇ ಪ್ರಸ್ತುತ ಲೇಖನದ ಉದ್ದೇಶವು.

೧. ಹಿಂದಿನ ಒಂದು ದೃಷ್ಟಾಂತ

ಹೊಸ ಯಂತ್ರವನ್ನು ಶಂಕಿಸುವದು ಒಕ್ಕಲಿಗನ ದೋಷವಲ್ಲ, ಅವನ ಎಚ್ಚರವು. ೧೮೮೮ರಲ್ಲಿ ಬೆಳಗಾವಿಯಲ್ಲಿ ಸೈಕಲ್ಲಿನ ಅಂಗಡಿಯಿಂದ ಉದ್ಯೋಗವನ್ನಾರಂಭಿಸಿದ ಲಕ್ಷ್ಮಣರಾವ ಕಿರ್ಲೋಸ್ಕರರು ಮುಂದೆ ಕಬ್ಬಿಣದ ನೇಗಿಲನ್ನು ತಯಾರಿಸಿದಾಗ, ಕಬ್ಬಿಣವು ತಾಗಿದರೆ ಭೂಮಿಗೆ ವಿಷವೇರುವದೆಂಬ ಭಯದಿಂದ ಜನರು ಅದನ್ನು ಮುಟ್ಟಲು ಹಿಂಜರಿದರು. ಬಳಸಿ ನೋಡಿದ ಮೇಲೆ ಆ ಭಯವು ಕರಗಿತು. ೧೯೧೦ರಲ್ಲಿ ಕಿರ್ಲೋಸ್ಕರವಾಡಿಯೆಂಬ ಕಾರ್ಖಾನೆಯ ಊರೇ ತಲೆಯೆತ್ತಿತು. ಇಂದು ಎರೆಯ ಭೂಮಿಯಲ್ಲಿ ಕಬ್ಬಿಣದ ನೇಗಿಲನ್ನು ಶಂಕಿಸುವವರು ಯಾರೂ ಇಲ್ಲ.

ಆದರೆ ಈ ದೃಷ್ಟಾಂತವನ್ನು ಅರ್ಧಕ್ಕೆ ಬಿಡಲಾಗದು. ಕಬ್ಬಿಣದ ನೇಗಿಲಿನ ಕುಳ ಸವೆದರೆ ಅದನ್ನು ತಟ್ಟಿ ಕೊಡಲು ಊರಿನಲ್ಲಿ ಕಮ್ಮಾರನಿದ್ದನು. ತಾನಾಗಿ ಗೇರು ಬದಲಿಸುವ ಪೆಟ್ಟಿಗೆಯನ್ನು ಬಿಚ್ಚಿ ಜೋಡಿಸಬಲ್ಲ ಮಿಸ್ತ್ರಿಯು ಹಳ್ಳಿಯಲ್ಲಿ ಸಿಕ್ಕುವದು ದುರ್ಲಭ. ಆದುದರಿಂದ ಯಂತ್ರವು ಗಟ್ಟಿಯೋ ಅಲ್ಲವೋ ಎಂಬ ಒಂದೇ ಪ್ರಶ್ನೆಯಿಂದ ನಿರ್ಣಯವಾಗದು. ಅದು ಯಾವ ಕಾರಣದಿಂದ ಕೆಡುತ್ತದೆ, ಆ ಕಾರಣವನ್ನು ತಪ್ಪಿಸುವದು ಒಡೆಯನ ಕೈಯಲ್ಲಿದೆಯೋ ಎಂಬದನ್ನೂ ತಿಳಿಯಬೇಕಾಗುತ್ತದೆ.

೨. ಗೇರೆಂದರೇನು?

ಹೊಲದಲ್ಲಿಯ ಬಂಡೆಯನ್ನು ಹಾರೆಯಿಂದ ಮೀಟುವವನು ಹಾರೆಯ ತುದಿಯನ್ನು ಹಿಡಿಯುತ್ತಾನೆ. ಕೈಯು ಬಹಳ ದೂರ ಚಲಿಸುತ್ತದೆ, ಬಂಡೆಯು ಸ್ವಲ್ಪವೇ ಏಳುತ್ತದೆ. ಆದರೆ ಬಲವು ಹಲವು ಪಟ್ಟಾಗುತ್ತದೆ. ಗೇರುಗಳು ತಿರುಗುವ ಹಾರೆಗಳೇ ಎನ್ನಬಹುದು. ಒಂದನೆಯ ಗೇರಿನಲ್ಲಿ ಎಂಜಿನು ಹಲವು ಸುತ್ತು ತಿರುಗಿದರೆ ಗಾಲಿಯು ಒಂದು ಸುತ್ತು ತಿರುಗುತ್ತದೆ. ಬಲವು ಹೆಚ್ಚು, ವೇಗವು ಕಡಿಮೆ. ಮೇಲಿನ ಗೇರುಗಳಲ್ಲಿ ವೇಗವು ಹೆಚ್ಚು, ಬಲವು ಕಡಿಮೆ. ಹೊರೆ ಹೇರಿದ ಗಾಡಿಯನ್ನು ನಿಂತಲ್ಲಿಂದ ಕದಲಿಸಲು ಮೊದಲಿನದು ಬೇಕು, ಡಾಂಬರು ರಸ್ತೆಯಲ್ಲಿ ಓಡಿಸಲು ಕೊನೆಯದು ಬೇಕು.

ಕೈಗೇರಿನ ಗಾಡಿಯಲ್ಲಿ ಈ ಬದಲಾವಣೆಯನ್ನು ಚಾಲಕನೇ ಮಾಡುತ್ತಾನೆ. ಬದಲಿಸುವ ಕ್ಷಣದಲ್ಲಿ ಎಂಜಿನನ್ನು ಗೇರುಗಳಿಂದ ಅಗಲಿಸಲು ನಡುವೆ ಕ್ಲಚ್ ಪ್ಲೇಟು ಇರುತ್ತದೆ. ತಾನಾಗಿ ಬದಲಿಸುವ ಗಾಡಿಯಲ್ಲಿ ಇದೇ ಕೆಲಸವನ್ನು ಎಣ್ಣೆಯ ಒತ್ತಡವೂ ಒಂದು ಗಣಕವೂ ಕೂಡಿ ಮಾಡುತ್ತವೆ. ಈ ವಿದ್ಯೆಯು ನಿನ್ನೆ ಮೊನ್ನೆಯದಲ್ಲ. ಅಮೇರಿಕೆಯ ಜನರಲ್ ಮೋಟರ್ಸ್ ಕಂಪನಿಯು ೧೯೩೯ರಲ್ಲಿಯೇ ‘ಹೈಡ್ರಾಮ್ಯಾಟಿಕ್’ ಎಂಬ ಪೆಟ್ಟಿಗೆಯನ್ನು ಓಲ್ಡ್ಸ್‌ಮೊಬೈಲ್ ಕಾರಿನಲ್ಲಿ ಮಾರಾಟಕ್ಕೆ ತಂದಿತು. ಎರಡನೆಯ ಮಹಾಯುದ್ಧದಲ್ಲಿ ಅದನ್ನೇ ಹಗುರ ಟ್ಯಾಂಕುಗಳಲ್ಲಿ ಕೂಡಿಸಿ ಯುದ್ಧಭೂಮಿಯಲ್ಲಿ ಓಡಿಸಿದರು. ಕೆಸರನ್ನೂ ಭಾರವನ್ನೂ ತಾಳುವ ಶಕ್ತಿ ಈ ಯಂತ್ರಕ್ಕೆ ಮೂಲದಲ್ಲಿಯೇ ಇಲ್ಲವೆನ್ನುವದು ಸರಿಯಲ್ಲವೆಂಬದಕ್ಕೆ ಇಷ್ಟು ಸಾಕು.

೩. ಮೂರು ಬೇರೆ ಬೇರೆ ಜಾತಿಗಳು

‘ಆಟೋಮ್ಯಾಟಿಕ್’ ಎಂಬ ಒಂದೇ ಹೆಸರಿನಲ್ಲಿ ಬೇರೆ ಬೇರೆ ರಚನೆಯ ಪೆಟ್ಟಿಗೆಗಳು ಮಾರಲ್ಪಡುತ್ತವೆ. ಖಿಲಾರಿಯೂ ಜರ್ಸಿಯೂ ದನಗಳೇ ಆದರೂ ನೊಗಕ್ಕೆ ಹೂಡುವದು ಯಾವುದನ್ನೆಂಬದು ಒಕ್ಕಲಿಗನಿಗೆ ಗೊತ್ತು. ಅದರಂತೆ ಇಲ್ಲಿಯೂ ಜಾತಿಯನ್ನು ವಿಚಾರಿಸಿಯೇ ಮುಂದುವರಿಯಬೇಕು.

ಮೊದಲನೆಯದು ಟಾರ್ಕ್ ಕನ್ವರ್ಟರಿನದು. ಒಳಗೆ ರೆಕ್ಕೆಗಳುಳ್ಳ ಎರಡು ಬೋಗುಣಿಗಳನ್ನು ಒಂದಕ್ಕೊಂದು ಎದುರಾಗಿಸಿ, ಸುತ್ತಲೂ ಎಣ್ಣೆ ತುಂಬಿ ಮುಚ್ಚಿಟ್ಟಂತೆ ಇದರ ರಚನೆ. ಎಂಜಿನಿಗೆ ಜೋಡಿಸಿದ ಬೋಗುಣಿಯು ತಿರುಗಿದಾಗ ಎಣ್ಣೆಯನ್ನು ಎದುರಿನದಕ್ಕೆ ಎರಚುತ್ತದೆ. ಆ ಎಣ್ಣೆಯ ಹೊಡೆತಕ್ಕೆ ಎದುರಿನದೂ ತಿರುಗುತ್ತದೆ. ಚಾಲೂ ಇದ್ದ ಬೀಸಣಿಗೆಯ ಎದುರಿಗೆ ಇನ್ನೊಂದನ್ನು ಇಟ್ಟರೆ ಗಾಳಿಯಿಂದಲೇ ಅದು ತಿರುಗುವದನ್ನು ಎಲ್ಲರೂ ಕಂಡಿದ್ದಾರೆ. ನಡುವಿನ ಮೂರನೆಯ ರೆಕ್ಕೆಗಾಲಿಯೊಂದು ಮರಳಿ ಬರುವ ಎಣ್ಣೆಯ ದಿಕ್ಕನ್ನು ತಿರುಗಿಸಿ, ಗಾಡಿಯು ಹೊರಡುವಾಗ ಎಂಜಿನಿನ ಬಲವನ್ನು ಸುಮಾರು ಇಮ್ಮಡಿಯವರೆಗೆ ಹೆಚ್ಚಿಸುತ್ತದೆ. ಹಿಂದುಗಡೆಯಲ್ಲಿ ಗೇರುಗಳೂ, ಅವುಗಳನ್ನು ಹಿಡಿದು ಬಿಡುವ, ಎಣ್ಣೆಯಲ್ಲಿಯೇ ಮುಳುಗಿರುವ ಸಣ್ಣ ಕ್ಲಚ್ಚುಗಳೂ ಇರುತ್ತವೆ. ಹೊರೆ ಹೊರುವ ಪಿಕಪ್ಪಿಗೆ ಈ ಮೂರರಲ್ಲಿ ಯೋಗ್ಯವಾದುದು ಇದೇ.

ಎರಡನೆಯದು ಎ.ಎಂ.ಟಿ. ಎಂದು ಕರೆಯಲ್ಪಡುವದು. ಇದು ನಿಜವಾಗಿ ಕೈಗೇರಿನ ಪೆಟ್ಟಿಗೆಯೇ. ಒಣ ಕ್ಲಚ್ ಪ್ಲೇಟು ಕೂಡ ಅದೇ. ಕ್ಲಚ್ಚನ್ನು ಒತ್ತುವ ಕಾಲಿನ ಬದಲಿಗೂ ಗೇರನ್ನು ಸರಿಸುವ ಕೈಯ ಬದಲಿಗೂ ಗಣಕದ ಆಜ್ಞೆಯಂತೆ ನಡೆಯುವ ಯಂತ್ರಗಳನ್ನು ಕೂಡಿಸಿರುತ್ತಾರೆ. ಭಾರತದಲ್ಲಿ ಇದು ೨೦೧೪ರಲ್ಲಿ ಮಾರುತಿ ಸುಝುಕಿಯ ಸೆಲೆರಿಯೊ ಕಾರಿನೊಡನೆ ಜನಸಾಮಾನ್ಯರ ಬಳಕೆಗೆ ಬಂದಿತು. ಬೆಲೆ ಕಡಿಮೆ, ಡೀಝೆಲು ಪೆಟ್ರೋಲುಗಳ ಖರ್ಚೂ ಕಡಿಮೆ. ಆದರೆ ಏರಿನಲ್ಲಿ ಬ್ರೇಕನ್ನು ಹಿಡಿಯದೆ ಆಕ್ಸಿಲರೇಟರಿನಿಂದಲೇ ಗಾಡಿಯನ್ನು ತಡೆದು ನಿಲ್ಲಿಸಿದರೆ ಕ್ಲಚ್ ಪ್ಲೇಟು ಸುಡುವದು.

ಮೂರನೆಯದು ಸಿ.ವಿ.ಟಿ. ಇದರಲ್ಲಿ ಹಿಟ್ಟಿನ ಗಿರಣಿಯಂತೆ ಎರಡು ಗಾಲಿಗಳ ನಡುವೆ ಪಟ್ಟಿಯು ಓಡುತ್ತದೆ. ಗಾಲಿಗಳ ಅಗಲವು ಹಿಗ್ಗುತ್ತ ಕುಗ್ಗುತ್ತ ಗೇರಿನ ಕೆಲಸವನ್ನು ಮಾಡುತ್ತದೆ. ಹಾಲಂಡದ ಡಾಫ್ ಕಂಪನಿಯು ೧೯೫೮ರಲ್ಲಿ ಇದನ್ನು ಕಾರಿನಲ್ಲಿ ತಂದಿತು. ಪಟ್ಟಣದ ಕಾರಿಗೆ ಇದು ಮೃದುವಾದ ಸಾಧನವು. ಗೊಬ್ಬರ ಹೇರಿ ಎರೆಯ ದಾರಿಯಲ್ಲಿ ನಡೆಯುವ ಗಾಡಿಗೆ ಇದನ್ನು ಆರಿಸತಕ್ಕದ್ದಲ್ಲ.

ಬೆಂಗಳೂರಿನ ಬಳಿಯ ಬಿಡದಿಯಲ್ಲಿ ೧೯೯೭ರಲ್ಲಿ ಸ್ಥಾಪಿತವಾದ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯಿಂದ ೨೦೨೨ರಲ್ಲಿ ಹೊರಬಂದ ಹೈಲಕ್ಸ್ ಎಂಬ ಪಿಕಪ್ಪಿನಲ್ಲಿ ಕೈಗೇರು ಮತ್ತು ಟಾರ್ಕ್ ಕನ್ವರ್ಟರು ಎರಡೂ ಉಂಟು. ಎಂಜಿನು ಎರಡರಲ್ಲಿಯೂ ಒಂದೇ ೨.೮ ಲೀಟರಿನ ಡೀಝೆಲ್ ಎಂಜಿನು. ಆದರೆ ತಯಾರಕರು ಅದರ ತಿರುಗುಬಲವನ್ನು ಕೈಗೇರಿನ ಗಾಡಿಯಲ್ಲಿ ೪೨೦ ನ್ಯೂಟನ್-ಮೀಟರಿಗೆ ಮಿತಗೊಳಿಸಿ, ತಾನಾಗಿ ಬದಲಿಸುವದರಲ್ಲಿ ೫೦೦ರವರೆಗೆ ಬಿಟ್ಟಿದ್ದಾರೆ. ಇಂಥ ಪೆಟ್ಟಿಗೆಯೆಂದರೆ ಬಲಹೀನವೆಂಬ ನಂಬಿಕೆಯು ಇದರಿಂದ ಸಡಲಬೇಕು. ಇದು ಆ ಗಾಡಿಯನ್ನು ಕೊಳ್ಳಿರೆಂಬ ಶಿಫಾರಸಲ್ಲ. ಯಂತ್ರದ ಗುಣವನ್ನು ತೋರಿಸುವ ಉದಾಹರಣೆ ಮಾತ್ರ.

೪. ಕೆಡುವ ಕಾರಣವು ಒಂದೇ: ಕಾವು

ಟಾರ್ಕ್ ಕನ್ವರ್ಟರಿನ ಪೆಟ್ಟಿಗೆಗೆ ಎಣ್ಣೆಯೇ ಜೀವ. ಬಲವನ್ನು ಸಾಗಿಸುವದೂ, ಕ್ಲಚ್ಚುಗಳನ್ನು ಒತ್ತಿ ಹಿಡಿಯುವದೂ, ಉಜ್ಜುವ ಭಾಗಗಳನ್ನು ನುಣುಪಾಗಿಡುವದೂ, ಕಾವನ್ನು ಹೊರಗೆ ಒಯ್ಯುವದೂ ಒಂದೇ ಎಣ್ಣೆಯ ಕೆಲಸವು. ಗಾಡಿಯು ಸಮನಾದ ರಸ್ತೆಯಲ್ಲಿ ವೇಗವಾಗಿ ಓಡುವಾಗ ಎರಡೂ ಬೋಗುಣಿಗಳು ಒಂದಕ್ಕೊಂದು ಬಿಗಿದುಕೊಂಡು ಒಂದೇ ಆಗಿ ತಿರುಗುತ್ತವೆ. ಆಗ ಕಾವು ಅತ್ಯಲ್ಪ. ಆದರೆ ಭಾರದ ಗಾಡಿಯು ಕೆಸರಿನಲ್ಲಿಯೋ ಏರಿನಲ್ಲಿಯೋ ತೆವಳುವಾಗ ಒಂದು ಬೋಗುಣಿಯು ಜೋರಾಗಿಯೂ ಇನ್ನೊಂದು ನಿಧಾನವಾಗಿಯೂ ತಿರುಗುತ್ತವೆ. ಈ ಎರಡರ ಅಂತರದಲ್ಲಿ ನಷ್ಟವಾದ ಶಕ್ತಿಯೆಲ್ಲ ಎಣ್ಣೆಯಲ್ಲಿ ಕಾವಾಗಿ ಸೇರುತ್ತದೆ.

ಲೆಕ್ಕಕ್ಕಾಗಿ ಎಂಜಿನು ೪೦ ಕಿಲೋವ್ಯಾಟ್ ಶಕ್ತಿಯನ್ನು ಕಳಿಸುತ್ತಿದ್ದು, ಅದರಲ್ಲಿ ನೂರಕ್ಕೆ ೩೦ರಷ್ಟು ಜಾರಿ ಹೋಗುತ್ತದೆಂದು ಹಿಡಿದರೆ, ೧೨ ಕಿಲೋವ್ಯಾಟ್ ಕಾವು ಹುಟ್ಟುತ್ತದೆ. ಮನೆಯಲ್ಲಿ ಬಕೀಟಿನ ನೀರನ್ನು ಕಾಯಿಸುವ, ಒಂದು ಕಿಲೋವ್ಯಾಟಿನ ವಿದ್ಯುತ್ ಸಲಾಕೆಗಳನ್ನು ಹನ್ನೆರಡು ಸಂಖ್ಯೆಯಲ್ಲಿ ಒಮ್ಮೆಲೆ ಕೆಲವೇ ಲೀಟರು ಎಣ್ಣೆಯಲ್ಲಿ ಇಳಿಬಿಟ್ಟಂತಾಯಿತು. ಆ ಕಾವನ್ನು ಹೊರಹಾಕಲು ಗಾಡಿಯ ಮುಂಭಾಗದಲ್ಲಿ ಎಣ್ಣೆ ತಣಿಸುವ ಜಾಲರಿಯಿರುತ್ತದೆ. ಆದರೆ ತೆವಳುವ ಗಾಡಿಗೆ ಎದುರುಗಾಳಿ ಎಲ್ಲಿಯದು?

ಈ ಎಣ್ಣೆಯು ಸುಮಾರು ೮೦ರಿಂದ ೯೫ ಡಿಗ್ರಿಯವರೆಗೆ ಸುಖವಾಗಿ ಕೆಲಸ ಮಾಡುತ್ತದೆ. ಅದರ ಮೇಲೆ ಪ್ರತಿ ೧೦ ಡಿಗ್ರಿ ಹೆಚ್ಚಾದಂತೆ ಎಣ್ಣೆಯ ಆಯುಷ್ಯವು ಅರ್ಧವಾಗುವದೆಂಬದು ಯಂತ್ರಜ್ಞರ ಸ್ಥೂಲವಾದ ಲೆಕ್ಕವು. ೧೨೦ ಡಿಗ್ರಿಯನ್ನು ದಾಟಿ ಬಹಳ ಹೊತ್ತು ನಡೆದರೆ ಎಣ್ಣೆಯು ಕಂದಿ ಅಂಟಾಗುತ್ತದೆ, ರಬ್ಬರಿನ ಸೀಲುಗಳು ಗಡುಸಾಗುತ್ತವೆ, ಒತ್ತಡವು ಸೋರಿ ಕ್ಲಚ್ಚುಗಳು ಜಾರುತ್ತವೆ. ಜಾರಿದ್ದರಿಂದ ಮತ್ತಷ್ಟು ಕಾವು ಹುಟ್ಟುತ್ತದೆ. ಸಾಲಕ್ಕೆ ಬಡ್ಡಿಯು ಸೇರಿ, ಬಡ್ಡಿಗೆ ಮತ್ತೆ ಬಡ್ಡಿಯು ಸೇರಿ ಮನೆಯು ಮುಳುಗುವಂತೆ ಪೆಟ್ಟಿಗೆಯು ಮುಳುಗುತ್ತದೆ. ಒಂದೇ ದಿನ ಕೆಟ್ಟಿತೆಂದು ಒಡೆಯನು ಹೇಳುವದುಂಟು. ಆದರೆ ಅದು ಹಲವು ತಿಂಗಳಿಂದ ಕೆಡುತ್ತ ಬಂದಿರುತ್ತದೆ.

೫. ಈ ಸೀಮೆಯಲ್ಲಿ ಕಾವನ್ನು ಹೆಚ್ಚಿಸುವ ಸಂದರ್ಭಗಳು

(ಅ) ಅತಿಹೊರೆ. ಮಾಲುಗಾಡಿಯ ಆರ್.ಸಿ. ಪುಸ್ತಕದಲ್ಲಿ ಬರಿಗಾಡಿಯ ತೂಕವನ್ನೂ ಹೊರೆಸಹಿತವಾದ ಒಟ್ಟು ತೂಕವನ್ನೂ ಬರೆದಿರುತ್ತಾರೆ. ಇವೆರಡರ ಅಂತರವೇ ಹೊರತಕ್ಕ ಭಾರ. ಒಳಗೆ ಕುಳಿತವರ ತೂಕವೂ ಅದರಲ್ಲಿಯೇ ಸೇರುತ್ತದೆ. ಒಂದು ಟನ್ನಿನ ಗಾಡಿಯ ಮೇಲೆ ಎರಡು ಟನ್ನು ಹೇರುವ ರೂಢಿಯನ್ನು ಕೈಗೇರಿನ ಗಾಡಿಯು ಕೆಲವು ಕಾಲ ಸಹಿಸೀತು. ಟಾರ್ಕ್ ಕನ್ವರ್ಟರು ಅದನ್ನು ಎಣ್ಣೆಯ ಖಾತೆಯಲ್ಲಿ ಬರೆದಿಟ್ಟು ಬಡ್ಡಿಸಹಿತ ವಸೂಲು ಮಾಡುತ್ತದೆ. ಅತಿಹೊರೆಯು ೧೯೮೮ರ ಮೋಟಾರು ವಾಹನ ಕಾಯ್ದೆಯ ಮೇರೆಗೆ ಅಪರಾಧವೂ ಆಗಿದೆ.

(ಆ) ಕಬ್ಬಿನ ಟ್ರೇಲರನ್ನು ಎಳೆಯುವದು. ಕಬ್ಬಿನ ಟ್ರೇಲರು ಟ್ರ್ಯಾಕ್ಟರಿಗಾಗಿ ಮಾಡಲ್ಪಟ್ಟದ್ದು. ಹತ್ತು ಮಾರು ಸರಿಸುವದಷ್ಟೇ ಇದೆಯೆಂದು ಅದನ್ನು ಪಿಕಪ್ಪಿಗೆ ಕಟ್ಟುವದು ಪೆಟ್ಟಿಗೆಯನ್ನು ತಿಳಿದು ತಿಳಿದು ಸುಡುವದಾಗಿದೆ.

(ಇ) ಎರೆಯ ಕೆಸರು. ಮಳೆಗಾಲದಲ್ಲಿ ಎರೆಯ ಹೊಲದಲ್ಲಿ ಗಾಲಿ ಹುಗಿದಾಗ, ಮುಂದಕ್ಕೊಮ್ಮೆ ಹಿಂದಕ್ಕೊಮ್ಮೆ ಗೇರು ಹಾಕಿ ಗಾಡಿಯನ್ನು ತೂಗಿ ಎಬ್ಬಿಸುವ ಅಭ್ಯಾಸವು ಚಾಲಕರಲ್ಲಿದೆ. ಗಾಡಿಯು ಪೂರ್ತಿ ನಿಲ್ಲುವ ಮೊದಲೇ ‘ಡಿ’ಯಿಂದ ‘ಆರ್’ಗೆ ಬದಲಿಸಿದರೆ ಒಳಗಿನ ಕ್ಲಚ್ಚುಗಳು ಜಜ್ಜಿಹೋಗುತ್ತವೆ. ಗಾಲಿಯು ಒಂದೇ ಕಡೆಗೆ ಗರಗರನೆ ಸುತ್ತುತ್ತಿದ್ದರೆ ಕೂಡಲೇ ನಿಲ್ಲಿಸಿ, ಗಾಲಿಯ ಮುಂದಿನ ಮಣ್ಣನ್ನು ತೆಗೆದು ಕಲ್ಲು ಇಲ್ಲವೆ ಹಲಗೆಯನ್ನು ಹಾಕುವದು ಲೇಸು.

(ಈ) ರವದಿ ಮತ್ತು ಧೂಳು. ಕಬ್ಬಿನ ಹೊಲದ ರವದಿಯ ಪುಡಿಯೂ ದಾರಿಯ ಧೂಳೂ ಎಣ್ಣೆ ತಣಿಸುವ ಜಾಲರಿಯ ಕಣ್ಣುಗಳನ್ನು ಮುಚ್ಚುತ್ತವೆ. ಹಂಗಾಮಿನಲ್ಲಿ ವಾರಕ್ಕೊಮ್ಮೆ, ಎಂಜಿನು ತಣಿದ ಮೇಲೆ, ನೀರಿನ ಮೆಲ್ಲನೆಯ ಧಾರೆಯಿಂದ ತೊಳೆಯಬೇಕು. ರಭಸದ ಧಾರೆಯಿಂದ ಜಾಲರಿಯ ತೆಳುವಾದ ಹಾಳೆಗಳು ಮಡಚಿಕೊಳ್ಳುತ್ತವೆ.

(ಉ) ಬೇಸಿಗೆ. ಚೈತ್ರ ವೈಶಾಖಗಳಲ್ಲಿ ಈ ಜಿಲ್ಲೆಯ ಬಿಸಿಲು ೪೦ ಡಿಗ್ರಿಯ ಹತ್ತಿರಕ್ಕೆ ಬರುತ್ತದೆ. ಹೊರಗಿನ ಗಾಳಿಯೇ ಕಾದಿರುವಾಗ ಎಣ್ಣೆಯು ತಣಿಯುವದು ತಡವಾಗುತ್ತದೆ. ಭಾರದ ಸಾಗಾಣಿಕೆಯನ್ನು ಮುಂಜಾನೆಯಲ್ಲಿಯೇ ಮುಗಿಸುವದು ಎತ್ತಿಗೆ ಹೇಗೆ ಹಿತವೋ ಈ ಯಂತ್ರಕ್ಕೂ ಹಾಗೆಯೇ ಹಿತವು.

(ಊ) ಹೊಳೆಯ ನೀರು. ೨೦೧೯ರ ಆಗಸ್ಟ್ ತಿಂಗಳಿನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ನದಿಗಳ ಮಹಾಪೂರವು ಬಾಗಲಕೋಟೆ ಜಿಲ್ಲೆಯ ಅನೇಕ ಊರುಗಳನ್ನು ನೀರಿನಲ್ಲಿ ನಿಲ್ಲಿಸಿತು. ಗೇರಿನ ಪೆಟ್ಟಿಗೆಗೆ ಉಸಿರಾಡುವ ಒಂದು ಸಣ್ಣ ನಳಿಗೆಯಿರುತ್ತದೆ. ಗಾಡಿಯು ಮುಳುಗಿದರೆ ಅದರೊಳಗಿಂದ ನೀರು ಸೇರುವ ಸಂಭವವಿದೆ. ಎಣ್ಣೆಯು ಹಾಲು ಬೆರೆಸಿದಂತೆ ಕಂಡರೆ ನೀರು ಹೊಕ್ಕಿದೆಯೆಂದೇ ತಿಳಿಯಬೇಕು. ಅಂಥ ಗಾಡಿಯನ್ನು ಚಾಲೂ ಮಾಡದೆ ಕಾರ್ಖಾನೆಗೆ ಕಳಿಸತಕ್ಕದ್ದು.

೬. ಕೈಗೇರಿನ ರೂಢಿಗಳಲ್ಲಿ ಬಿಡತಕ್ಕವು

ಬ್ಯಾಟರಿ ಸತ್ತ ಗಾಡಿಯನ್ನು ನಾಲ್ಕು ಜನರು ನೂಕಿ ಚಾಲೂ ಮಾಡುವದು ಹಳ್ಳಿಯಲ್ಲಿ ನಿತ್ಯದ ನೋಟವು. ಟಾರ್ಕ್ ಕನ್ವರ್ಟರಿನ ಗಾಡಿಯು ಹೀಗೆ ಚಾಲೂ ಆಗುವದಿಲ್ಲ. ಏಕೆಂದರೆ ಎಂಜಿನು ತಿರುಗದೆ ಎಣ್ಣೆಯ ಪಂಪು ತಿರುಗದು, ಪಂಪು ತಿರುಗದೆ ಯಾವ ಗೇರೂ ಹಿಡಿಯದು. ಬ್ಯಾಟರಿಯನ್ನು ಸುಸ್ಥಿತಿಯಲ್ಲಿಡುವದೂ, ಇನ್ನೊಂದು ಗಾಡಿಯ ಬ್ಯಾಟರಿಯಿಂದ ಚಾಲೂ ಮಾಡುವ ದಪ್ಪ ತಂತಿಗಳನ್ನು ಗಾಡಿಯಲ್ಲಿಡುವದೂ ಅವಶ್ಯವು.

ಇದಕ್ಕಿಂತ ಹೆಚ್ಚಿನ ಅಪಾಯವು ಕೆಟ್ಟ ಗಾಡಿಯನ್ನು ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆಯುವದರಲ್ಲಿದೆ. ಎಂಜಿನು ನಿಂತಿರುವಾಗ ಗಾಲಿಗಳು ತಿರುಗಿದರೆ ಪೆಟ್ಟಿಗೆಯ ಒಳಭಾಗಗಳೂ ತಿರುಗುತ್ತವೆ. ಆದರೆ ಪಂಪು ನಿಂತಿರುವದರಿಂದ ಅವುಗಳಿಗೆ ಎಣ್ಣೆಯು ಮುಟ್ಟುವದಿಲ್ಲ. ಕೀಲೆಣ್ಣೆಯಿಲ್ಲದ ಚಕ್ಕಡಿಯನ್ನು ಹತ್ತು ಹರದಾರಿ ಹೊಡೆದಂತೆಯೇ ಇದೂ. ಸಣ್ಣದೊಂದು ದೋಷಕ್ಕಾಗಿ ನಿಂತ ಗಾಡಿಯು ಇಂಥ ಎಳೆತದಿಂದ ದೊಡ್ಡ ದುರಸ್ತಿಗೆ ಗುರಿಯಾಗಬಹುದು. ಆದುದರಿಂದ ಗಾಡಿಯನ್ನು ಇಡಿಯಾಗಿ ಬೇರೊಂದು ಲಾರಿಯ ಮೇಲೆ ಹೇರಿಯೇ ಒಯ್ಯಬೇಕು, ಇಲ್ಲವೆ ಕೈಪುಸ್ತಕದಲ್ಲಿ ಹೇಳಿದ ಕ್ರಮದಿಂದಲೇ ಎಳೆಯಬೇಕು.

ಇಳಿಜಾರಿನಲ್ಲಿ ಡೀಝೆಲು ಉಳಿಸಲು ನ್ಯೂಟ್ರಲ್ ಮಾಡಿ ಗಾಡಿಯನ್ನು ಬಿಡುವದೂ ಸಲ್ಲದು. ಏರಿನಲ್ಲಿ ನಿಲ್ಲಿಸುವಾಗ ಮೊದಲು ಕೈಬ್ರೇಕನ್ನು ಎಳೆದು, ಅನಂತರ ‘ಪಿ’ ಸ್ಥಾನಕ್ಕೆ ಹಾಕಬೇಕು. ಕೈಬ್ರೇಕು ಇಲ್ಲದಿದ್ದರೆ ಇಡೀ ಗಾಡಿಯ ಭಾರವು ಪೆಟ್ಟಿಗೆಯೊಳಗಿನ ಒಂದು ಸಣ್ಣ ಗೂಟದ ಮೇಲೆ ಬೀಳುತ್ತದೆ. ತೂಕದ ಕಾಟೆಯ ಮುಂದೆಯೋ ಪೇಟೆಯ ಬಾಗಿಲಲ್ಲಿಯೋ ಬಹಳ ಹೊತ್ತು ಸರದಿ ಕಾಯುವಾಗ ‘ಡಿ’ಯಲ್ಲಿ ಬ್ರೇಕನ್ನು ಒತ್ತಿ ಹಿಡಿಯದೆ ‘ಎನ್’ ಇಲ್ಲವೆ ‘ಪಿ’ ಸ್ಥಾನಕ್ಕೆ ತರಬೇಕು.

೭. ಎಣ್ಣೆಯ ಲೆಕ್ಕ ಮತ್ತು ರೋಗದ ಲಕ್ಷಣಗಳು

ಕೆಲವು ಗಾಡಿಗಳ ಪೆಟ್ಟಿಗೆಯ ಎಣ್ಣೆಯನ್ನು ಆಯುಷ್ಯಪೂರ್ತಿ ಬದಲಿಸಬೇಕಾಗಿಲ್ಲವೆಂದು ಮಾರುವವರು ಹೇಳುವದುಂಟು. ಈ ಮಾತನ್ನು ನಂಬಿ ಕೈಕಟ್ಟಿ ಕುಳಿತುಕೊಳ್ಳಬಾರದು. ಬಹಳಷ್ಟು ಕೈಪುಸ್ತಕಗಳಲ್ಲಿ ಸಾಧಾರಣ ಬಳಕೆಗೆ ಒಂದು, ಕಠಿಣ ಬಳಕೆಗೆ ಇನ್ನೊಂದು ಎಂದು ಎರಡು ಕೋಷ್ಟಕಗಳಿರುತ್ತವೆ. ಧೂಳು, ಕಾವು, ಭಾರ, ಕೆಟ್ಟ ದಾರಿ ಇವು ಕೂಡಿದಲ್ಲಿ ಅದು ಕಠಿಣ ಬಳಕೆಯೇ. ಅಂದರೆ ಈ ಸೀಮೆಯ ಪ್ರತಿಯೊಂದು ಪಿಕಪ್ಪಿಗೂ ಎರಡನೆಯ ಕೋಷ್ಟಕವೇ ಅನ್ವಯಿಸತಕ್ಕದ್ದು. ಎಣ್ಣೆಯು ತಯಾರಕರು ಹೇಳಿದ ಜಾತಿಯದೇ ಆಗಿರಬೇಕು. ಎಂಜಿನ್ ಎಣ್ಣೆಯನ್ನಾಗಲಿ ಟ್ರ್ಯಾಕ್ಟರಿನ ಗೇರೆಣ್ಣೆಯನ್ನಾಗಲಿ ಸುರಿದರೆ ಪೆಟ್ಟಿಗೆಯು ಹಾಳಾಗುತ್ತದೆ. ಅಳತೆಗಿಂತ ಹೆಚ್ಚು ಹಾಕಿದರೂ ಎಣ್ಣೆಯು ನೊರೆಯೆದ್ದು ಒತ್ತಡವು ತಪ್ಪುತ್ತದೆ.

ಕೆಳಗಿನ ಲಕ್ಷಣಗಳಲ್ಲಿ ಒಂದು ಕಂಡರೂ ಹಂಗಾಮು ಮುಗಿಯಲೆಂದು ಕಾಯಬಾರದು:

(೧) ‘ಡಿ’ಗೆ ಇಲ್ಲವೆ ‘ಆರ್’ಗೆ ಹಾಕಿದ ಮೇಲೆ ಗಾಡಿಯು ಹಿಡಿದುಕೊಳ್ಳಲು ಎರಡು ಮೂರು ಸೆಕೆಂಡು ತಡೆಯುವದು.
(೨) ಎಂಜಿನಿನ ಸದ್ದು ಏರಿದರೂ ಗಾಡಿಯ ವೇಗವು ಏರದಿರುವದು.
(೩) ಗೇರು ಬದಲಾಗುವಾಗ ಒದ್ದಂತಾಗುವದು ಇಲ್ಲವೆ ನಡುಕ ಬರುವದು.
(೪) ಗಾಡಿ ನಿಂತ ಸ್ಥಳದಲ್ಲಿ ಕೆಂಪುಛಾಯೆಯ ಎಣ್ಣೆಯ ಕಲೆ ಕಾಣುವದು.
(೫) ಎಣ್ಣೆಯು ಕಪ್ಪಾಗಿ ಸುಟ್ಟ ವಾಸನೆ ಬರುವದು.
(೬) ಎಚ್ಚರಿಕೆಯ ದೀಪ ಹತ್ತಿ ಗಾಡಿಯು ಒಂದೇ ಗೇರಿನಲ್ಲಿ ಉಳಿಯುವದು. ಇದು ಪೆಟ್ಟಿಗೆಯು ತನ್ನನ್ನು ಕಾಪಾಡಿಕೊಳ್ಳಲು ಮಾಡುವ ಉಪಾಯವು. ಆಗ ಹೊರೆಯನ್ನಿಳಿಸಿ ನಿಧಾನವಾಗಿ ದುರಸ್ತಿಯ ಸ್ಥಳಕ್ಕೆ ಹೋಗಬೇಕು.

ಮೊದಲನೆಯ ಲಕ್ಷಣದಲ್ಲಿಯೇ ತೋರಿಸಿದರೆ ಹಲವು ಸಲ ಎಣ್ಣೆ, ಜಾಲರಿ ಇಲ್ಲವೆ ಒಂದು ಕವಾಟದ ಖರ್ಚಿನಲ್ಲಿ ಮುಗಿಯುತ್ತದೆ. ಕೊನೆಯವರೆಗೆ ಓಡಿಸಿದರೆ ಇಡೀ ಪೆಟ್ಟಿಗೆಯನ್ನೇ ಇಳಿಸಬೇಕಾಗುತ್ತದೆ.

೮. ಎರಡನ್ನೂ ತೂಗಿ ನೋಡಿದರೆ

ಕೈಗೇರಿನ ಗಾಡಿಯು ಕೆಡುವದೇ ಇಲ್ಲವೆಂಬದು ಭ್ರಮೆಯು. ಸಂಬಳದ ಚಾಲಕನು ಕ್ಲಚ್ಚಿನ ಮೇಲೆ ಕಾಲಿಟ್ಟುಕೊಂಡೇ ಓಡಿಸಿದರೆ ಪ್ಲೇಟು ಬೇಗನೆ ಸವೆಯುತ್ತದೆ. ಆದರೆ ಆ ಪ್ಲೇಟನ್ನು ಬೀಳಗಿಯಲ್ಲಿಯೋ ಮುಧೋಳದಲ್ಲಿಯೋ ಯಾವ ಮಿಸ್ತ್ರಿಯಾದರೂ ಬದಲಿಸಿ ಕೊಡುತ್ತಾನೆ. ಕೈಗೇರಿನದು ಆಗಾಗ್ಗೆ ಬರುವ ನೆಗಡಿ ಜ್ವರ, ಮನೆಯ ಮದ್ದಿಗೆ ಬಗ್ಗುತ್ತದೆ. ತಾನಾಗಿ ಬದಲಿಸುವ ಪೆಟ್ಟಿಗೆಯು ಅಪರೂಪಕ್ಕೆ ಕೆಡುತ್ತದೆ. ಕೆಟ್ಟಾಗ ದೊಡ್ಡ ಊರಿನ ದೊಡ್ಡ ಆಸ್ಪತ್ರೆಯೇ ಬೇಕು, ಖರ್ಚೂ ಕ್ಲಚ್ ಪ್ಲೇಟಿನದಕ್ಕಿಂತ ಹಲವು ಪಟ್ಟು. ತಂದೆಯ ಚಿಂತೆಯ ನಿಜಾಂಶವು ಇಲ್ಲಿದೆ. ಅದು ಯಂತ್ರದ ದುರ್ಬಲತೆಯ ಚಿಂತೆಯಲ್ಲ, ದುರಸ್ತಿಯ ದೂರದ ಚಿಂತೆಯು.

ಆದುದರಿಂದ ಗಾಡಿಯನ್ನು ಕೊಳ್ಳುವವನು ಮುಂಗಡವನ್ನು ಕೊಡುವ ಮೊದಲು ಈ ಐದು ಪ್ರಶ್ನೆಗಳಿಗೆ ಉತ್ತರವನ್ನು, ಬಾಯಿಮಾತಿನಲ್ಲಿ ಅಲ್ಲ, ಬರವಣಿಗೆಯಲ್ಲಿ ಪಡೆಯತಕ್ಕದ್ದು. ಪೆಟ್ಟಿಗೆಯು ಯಾವ ಜಾತಿಯದು? ಹೊರೆಯ ಮಿತಿಯೆಷ್ಟು? ಎಣ್ಣೆ ತಣಿಸುವ ಜಾಲರಿಯು ಪ್ರತ್ಯೇಕವಾಗಿ ಇದೆಯೋ? ಬಾಡಿಗೆಗೂ ಒಕ್ಕಲುತನಕ್ಕೂ ಬಳಸಿದರೆ ವಾರಂಟಿಯು ಉಳಿಯುವದೋ? ಈ ಪೆಟ್ಟಿಗೆಯನ್ನು ಬಿಚ್ಚಬಲ್ಲ ಅತಿ ಸಮೀಪದ ಸ್ಥಳವೆಲ್ಲಿ? ಬಳಸಿದ ಗಾಡಿಯನ್ನು ಕೊಳ್ಳುವದಾದರೆ, ಎಂಜಿನು ಪೂರ್ತಿ ತಣ್ಣಗಿರುವಾಗ ಒಮ್ಮೆ, ಅರ್ಧ ತಾಸು ಓಡಿಸಿ ಕಾದ ಮೇಲೆ ಒಮ್ಮೆ ಪರೀಕ್ಷಿಸಬೇಕು. ಎಣ್ಣೆಯನ್ನು ಬದಲಿಸಿದ ರಸೀದಿಯನ್ನು ಕೇಳಬೇಕು. ರಸೀದಿಯಿಲ್ಲದಿದ್ದರೆ ಎಣ್ಣೆಯನ್ನು ಬದಲಿಸಿಲ್ಲವೆಂದೇ ಹಿಡಿಯುವದು ಕ್ಷೇಮ.

ಇನ್ನು ಯಾರಿಗೆ ಯಾವುದು ಯೋಗ್ಯ? ದಿನಾಲು ಪೂರ್ಣ ಹೊರೆ ಹೇರಿ ಹೊಲದ ದಾರಿಯಲ್ಲಿಯೇ ತಿರುಗಿಸುವವನಿಗೂ, ಹಲವು ಕೈಗಳಲ್ಲಿ ಗಾಡಿಯನ್ನು ಬಿಡುವವನಿಗೂ, ದುರಸ್ತಿಯ ಸ್ಥಳದಿಂದ ಬಹುದೂರ ಇರುವವನಿಗೂ ಕೈಗೇರಿನ ಗಾಡಿಯೇ ಮೇಲು. ಮಿತವಾದ ಹೊರೆಯೊಡನೆ ಹೆಚ್ಚಾಗಿ ಡಾಂಬರು ರಸ್ತೆಯಲ್ಲಿ ಬಾಗಲಕೋಟೆ, ವಿಜಯಪುರ, ಬೆಳಗಾವಿಗಳ ಪೇಟೆಗೆ ಹೋಗಿಬರುವವನಿಗೂ, ಮನೆಯ ಒಬ್ಬಿಬ್ಬರೇ ಓಡಿಸುವಲ್ಲಿಯೂ, ಕಾಲುನೋವಿನ ಹಿರಿಯರು ತಾವೇ ಓಡಿಸಬೇಕಾದಲ್ಲಿಯೂ ಟಾರ್ಕ್ ಕನ್ವರ್ಟರಿನ ಗಾಡಿಯನ್ನು ಧೈರ್ಯದಿಂದ ಕೊಳ್ಳಬಹುದು. ಅಂಥವನು ಎಣ್ಣೆ ಬದಲಿಸುವ ಖರ್ಚನ್ನು ಬ್ಯಾಂಕಿನ ಕಂತಿನಂತೆ ಮೊದಲೇ ಎತ್ತಿಡಬೇಕು.

೯. ಊರಿನ ಪ್ರಮುಖರು ಮಾಡತಕ್ಕದ್ದು

ಈ ವಿಷಯದಲ್ಲಿ ಒಬ್ಬ ಒಕ್ಕಲಿಗನ ಕೈಗೆ ನಿಲುಕದ್ದು ಊರಿನ ಕೈಗೆ ನಿಲುಕೀತು. ಕೈಗಾರಿಕಾ ತರಬೇತಿ ಸಂಸ್ಥೆಯಲ್ಲಿ ಮೋಟಾರು ಕೆಲಸವನ್ನು ಕಲಿತ ಊರಿನ ಹುಡುಗನನ್ನು ಈ ಹೊಸ ಪೆಟ್ಟಿಗೆಗಳ ವಿದ್ಯೆಗೆ ಕೆಲವು ತಿಂಗಳು ಕಳಿಸುವಂತೆ ಗೌಡರೂ ಸಹಕಾರ ಸಂಘದವರೂ ಪ್ರೋತ್ಸಾಹ ಕೊಟ್ಟರೆ, ಹತ್ತು ಊರುಗಳ ಗಾಡಿಗಳಿಗೆ ಒಬ್ಬ ಮಿಸ್ತ್ರಿಯು ದೊರೆತಂತಾಗುವದು. ಗಾಡಿ ಮಾರುವವರು ಹಂಗಾಮಿನ ಮುನ್ನ ಊರಿಗೇ ಬಂದು ಎಣ್ಣೆಯನ್ನೂ ಜಾಲರಿಯನ್ನೂ ಪರೀಕ್ಷಿಸುವ ಏರ್ಪಾಡನ್ನು ಐದಾರು ಜನರು ಕೂಡಿ ಕೇಳಿದರೆ ಇಲ್ಲವೆನ್ನಲಾರರು. ಒಬ್ಬನೇ ಕೇಳಿದರೆ ಬರಲಾರರು. ಹೊಲದ ದಾರಿಗಳಿಗೆ ಮಳೆಗಾಲದ ಮೊದಲೇ ಗರಸು ಹಾಕಿಸಿದರೆ ಪಿಕಪ್ಪಿನ ಪೆಟ್ಟಿಗೆಯೊಂದೇ ಅಲ್ಲ, ಟ್ರ್ಯಾಕ್ಟರೂ ಚಕ್ಕಡಿಯೂ ಎತ್ತಿನ ಕಾಲೂ ಉಳಿಯುತ್ತವೆ.

ಒಟ್ಟಿನಲ್ಲಿ, ತಾನಾಗಿ ಗೇರು ಬದಲಿಸುವ ಪಿಕಪ್ಪಿಗೆ ಗೇರನ್ನು ಬದಲಿಸುವದು ಗೊತ್ತು. ತನ್ನ ಹೊರೆಯನ್ನು ಅಳೆಯುವದೂ ತನ್ನ ಎಣ್ಣೆಯನ್ನು ನೋಡಿಕೊಳ್ಳುವದೂ ಗೊತ್ತಿಲ್ಲ. ಆ ಎರಡು ಕೆಲಸಗಳು ಒಡೆಯನವು. ಅವುಗಳನ್ನು ಮಾಡುವವನ ಮನೆಯಲ್ಲಿ ಮಗನ ಆಶೆಯೂ ತಂದೆಯ ಎಚ್ಚರವೂ ಒಂದೇ ಗಾಡಿಯಲ್ಲಿ ಕುಳಿತು ಪೇಟೆಗೆ ಹೋಗಬಹುದು.